ಹಳದಿ ಪುಡಿಯ ಬೆನ್ನು ಹತ್ತಿದವರು

ಮಳೆ ಬಿದ್ದ ಮೇಲೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಯಲಿನಲ್ಲಿ ತಂಗಡಿ ಗಿಡಗಳ ಸುತ್ತ ಸಣ್ಣ ಹಳದಿ ಚಿಟ್ಟೆಗಳು ಹಾರಾಡುತ್ತವೆ. ಹಿಡಿದು ಬಿಟ್ಟರೆ ಬೆರಳಿಗೆ ಪುಡಿ ಅಂಟುತ್ತದೆ. ಅದು ರೆಕ್ಕೆಯ ಹುರುಪೆ. ಇಂಥ ಚಿಟ್ಟೆಗಳ ಹಳದಿಗೆ ಮುಖ್ಯ ಕಾರಣ ಕ್ಸಾಂಥೋಪ್ಟೆರಿನ್ ಎಂಬ ವಸ್ತು.

ಇದರ ಬೆನ್ನು ಹತ್ತಿದ ಮೊದಲಿಗ ಇಂಗ್ಲೆಂಡಿನ ಫ್ರೆಡರಿಕ್ ಗೌಲ್ಯಾಂಡ್ ಹಾಪ್ಕಿನ್ಸ್. 1889ರಲ್ಲಿ, ಇನ್ನೂ ವೈದ್ಯಕೀಯ ಓದುತ್ತಿದ್ದಾಗಲೇ, ಬ್ರಿಮ್‌ಸ್ಟೋನ್ ಚಿಟ್ಟೆಯ ರೆಕ್ಕೆಯಿಂದ ಬಿಸಿನೀರಿಗೆ ಬಣ್ಣ ಇಳಿಸಿದ. ಇದು ಯೂರಿಕ್ ಆಮ್ಲದ ಬಂಧು ಎಂದು ಎಣಿಸಿದ. ಲೆಕ್ಕ ತಪ್ಪಿತ್ತು, ಆದರೆ ದಾರಿ ತೆರೆಯಿತು. 1925ರಲ್ಲಿ ಜರ್ಮನಿಯ ಹೈನ್ರಿಚ್ ವೀಲಾಂಡ್ ಮತ್ತು ಕ್ಲೆಮೆನ್ಸ್ ಶೋಫ್ ಅದನ್ನು ಬೇರ್ಪಡಿಸಿ ಹೆಸರಿಟ್ಟರು. ರಚನೆ ಮಾತ್ರ ಕೈಗೆ ಸಿಗಲೊಲ್ಲದು: ನೈಟ್ರೋಜನ್ ವಿಪರೀತ, ಸುಟ್ಟು ಅಳೆಯಹೋದರೆ ಪೂರ್ತಿ ಸುಡದು, ಕರಗಿಸಹೋದರೆ ಸುಲಭಕ್ಕೆ ಕರಗದು. 1940ರಲ್ಲಿ ರಾಬರ್ಟ್ ಪುರ್‌ಮನ್ ಗಂಟು ಬಿಡಿಸಿದ.

  

ಈ ಹುಡುಕಾಟದ ನಿಜವಾದ ಫಲ ಬೇರೆ ಕಡೆ ಸಿಕ್ಕಿತು. 1931ರಲ್ಲಿ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್, ಮುಂಬಯಿಯ ಬಸುರಿ ಹೆಂಗಸರ ರಕ್ತಹೀನತೆ ಯೀಸ್ಟ್ ಸಾರದಿಂದ ವಾಸಿಯಾಗುವುದನ್ನು ವರದಿ ಮಾಡಿದಳು. ಸಾರದಲ್ಲಿದ್ದದ್ದು ಏನೆಂದು ತಿಳಿಯಲಿಲ್ಲ. ಅತ್ತ, ರಕ್ತಹೀನ ಸಾಲ್ಮನ್ ಮೀನಿಗೆ ಕ್ಸಾಂಥೋಪ್ಟೆರಿನ್ ಕೊಟ್ಟಾಗ ರಕ್ತಕಣ ಹೆಚ್ಚಿದವೆಂದು 1941ರಲ್ಲಿ ಅಮೆರಿಕದಿಂದ ಸುದ್ದಿ ಬಂತು. ಚಿಟ್ಟೆಯ ಬಣ್ಣವೇ ಮದ್ದಾಗಲಿಲ್ಲ. ಆದರೆ ಲೆಡರ್ಲೆ ಪ್ರಯೋಗಾಲಯದಲ್ಲಿ ಭೀಮವರಂ ಮೂಲದ ಯಲ್ಲಾಪ್ರಗಡ ಸುಬ್ಬರಾವ್ ಮುಂದಾಳತ್ವದ ತಂಡ 1945–46ರಲ್ಲಿ ಆ ಯೀಸ್ಟ್ ಸಾರದಲ್ಲಿದ್ದ ವಸ್ತುವಾದ ಫೋಲಿಕ್ ಆಮ್ಲದ ರಚನೆ ಬಿಡಿಸಿದಾಗ, ಅದರ ತಲೆಭಾಗದಲ್ಲಿ ಕೂತಿದ್ದದ್ದು ಚಿಟ್ಟೆಯ ಬಣ್ಣದಲ್ಲಿದ್ದ ಅದೇ ಪ್ಟೆರಿನ್ ಉಂಗುರ. ಚಿಟ್ಟೆಯ ರಸಾಯನ ಮೊದಲೇ ಗೊತ್ತಿದ್ದುದರಿಂದ ಗುರುತು ಹಿಡಿಯುವುದು ಹಗುರವಾಯಿತು. ಆ ಆಮ್ಲವನ್ನು ತುಸು ತಿರುಚಿ ಮಾಡಿದ ಅಮೈನೋಪ್ಟೆರಿನ್‌ನಿಂದ 1948ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಫಾರ್ಬರ್ ಮಕ್ಕಳ ರಕ್ತಕ್ಯಾನ್ಸರನ್ನು ಸ್ವಲ್ಪಕಾಲ ಹಿಮ್ಮೆಟ್ಟಿಸಿದ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗರ್ಭಿಣಿಯರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದ ಜೊತೆ 500 ಮೈಕ್ರೋಗ್ರಾಂ ಇದೇ ಫೋಲಿಕ್ ಆಮ್ಲ ಇದೆ. ಹೊಟ್ಟೆ ತೊಳಸುತ್ತದೆಂದು ಅರ್ಧಕ್ಕೇ ಬಿಡುವವರುಂಟು. ಊಟವಾದ ಮೇಲೆ ನುಂಗಲಿ, ಆದರೆ 180 ದಿನ ಬಿಡದೆ ನುಂಗಲಿ.