ಪರಭಾಷೆಯ ಕಥೆ, ಸಣ್ಣ ಪ್ರಕಾಶಕನ ಹೊರೆ

ತನ್ನ ಕಾವ್ಯದ ನುಡಿ ಪುಲಿಗೆರೆಯ ತಿರುಳ್ಗನ್ನಡವೆಂದು ಹತ್ತನೆಯ ಶತಮಾನದ ಪಂಪ ಹೇಳಿಕೊಂಡಿದ್ದಾನೆ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ವ್ಯಾಸರ ಭಾರತವನ್ನು ಆತ ಇದ್ದಂತೆಯೇ ಕನ್ನಡಕ್ಕೆ ಇಳಿಸಲಿಲ್ಲ. ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡು, ಹಳೆಯ ಕಥೆಗೆ ಹೊಸ ಅರ್ಥವನ್ನು ತುಂಬಿದ. ಮುಂದೆ ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಅದೇ ಭಾರತವನ್ನು ಮತ್ತೊಂದು ಬಗೆಯಲ್ಲಿ ನಮ್ಮದಾಗಿಸಿದ. ಹೀಗೆ ಪರಭಾಷೆಯ ಕಥೆಯನ್ನು ಮನೆತುಂಬಿಸಿಕೊಳ್ಳುವುದು ನಮ್ಮ ಸೀಮೆಗೆ ಹೊಸದಲ್ಲ. ಆದರೆ ಪಂಪನ ಬೆನ್ನಿಗೆ ಅರಸನಿದ್ದ. ಅರಸನ ಆಸರೆಯಿಲ್ಲದೆ, ಓದುಗನೊಬ್ಬನನ್ನೇ ನಂಬಿ, ಕೈಯಿಂದ ಹಣ ಹಾಕಿ ಈ ಕೆಲಸಕ್ಕೆ ಇಳಿಯುವ ಸಣ್ಣ ಪ್ರಕಾಶಕನ ಪಾಡೇನು? ಮೂಲವನ್ನು ಬದಲಿಸುವ ಹಕ್ಕು ಅವನಿಗೆ ಎಷ್ಟರಮಟ್ಟಿಗೆ ಇದೆ? ಇದನ್ನು ಕುರಿತು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಶಿರಹಟ್ಟಿ, ಮುಂಡರಗಿ ತಾಲೂಕುಗಳ ಅಂಚಿನಲ್ಲಿ ಹರಿಯುವ ತುಂಗಭದ್ರೆಯನ್ನು ತುಸು ಮೇಲಕ್ಕೆ ವರದೆ ಬಂದು ಕೂಡುತ್ತಾಳೆ. ಆ ಸಂಗಮದ ಊರೇ ಗಳಗನಾಥ. ಅಲ್ಲಿಯ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಊರ ಹೆಸರಿನಿಂದಲೇ ನಾಡಿಗೆ ಪರಿಚಿತರಾದರು. ವೃತ್ತಿಯಿಂದ ಅವರು ಶಾಲಾ ಮಾಸ್ತರರು. 1907ರಲ್ಲಿ ಅಗಡಿಯಿಂದ ಹೊರಡತೊಡಗಿದ ‘ಸದ್ಬೋಧ ಚಂದ್ರಿಕೆ’ಯನ್ನು ಬೆಳೆಸಿದರು, ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಅಚ್ಚಾದ ಪುಸ್ತಕಗಳನ್ನು ಹೆಗಲ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಓದುಗರನ್ನು ಕಾಯ್ದು ಕುಳಿತವರಲ್ಲ ಅವರು, ಹುಡುಕಿಕೊಂಡು ಹೋದವರು.

ತರಗತಿಯಲ್ಲಿ ವಿದ್ಯಾರ್ಥಿಗಳು ನನ್ನನ್ನು ಕೇಳುತ್ತಿದ್ದುದುಂಟು: “ಸರ್, ಇವು ಅನುವಾದಗಳೋ, ಸ್ವತಂತ್ರ ಕೃತಿಗಳೋ?” ನಾನು ಒಂದು ಉದಾಹರಣೆಯನ್ನು ಮುಂದಿಡುತ್ತಿದ್ದೆ. ವಿಜಯನಗರದ ಪತನವನ್ನು ಕುರಿತ ಆಪ್ಟೆಯವರ ಕಾದಂಬರಿಯ ಹೆಸರು ‘ವಜ್ರಾಘಾತ’. ಎಂದರೆ ಸಿಡಿಲಿನ ಹೊಡೆತ. ಗಳಗನಾಥರ ಕೈಯಲ್ಲಿ ಅದು ‘ಕನ್ನಡಿಗರ ಕರ್ಮಕಥೆ’ ಆಯಿತು. ಮೊದಲನೆಯ ಹೆಸರು ಹೊಡೆತವನ್ನು ಹೇಳುತ್ತದೆ. ಎರಡನೆಯದು ಹೊಡೆತ ತಿಂದವರು ಯಾರೆಂಬುದನ್ನು. ಹಂಪೆಯ ದುಃಖ ಮರಾಠಿಯ ದಾರಿಯಿಂದ ಮನೆಗೆ ಮರಳಿದಾಗ, ಅದು ತಮ್ಮದೇ ದುಃಖವೆಂದು ಓದುಗರಿಗೆ ತಿಳಿಯುವಂತೆ ಅವರು ಬಾಗಿಲಲ್ಲಿಯೇ ಸೂಚಿಸಿದರು. ಈ ಬದಲಾವಣೆ ಕಥೆಯ ಒಡಲಿನಿಂದಲೇ ಹುಟ್ಟಿದ್ದು.

ಈ ಕಸುಬು ಪುಸ್ತಕಕ್ಕೆ ಮಾತ್ರ ಸೀಮಿತವಲ್ಲ. ಜಪಾನಿನ ವಿಡಿಯೋ ಗೇಮುಗಳಲ್ಲಿ ಕೆಲವು ಹತ್ತಾರು ಗಂಟೆ ಸಾಗುವ ಕಥೆಗಳೇ ಆಗಿರುತ್ತವೆ. ಪಾತ್ರಗಳ ಮಾತನ್ನು ಆಡುವವನು ಪರದೆಯ ಮೇಲೆ ಓದುತ್ತ ಹೋಗಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1986ರಲ್ಲಿ ಹುಟ್ಟಿದ ‘ವರ್ಕಿಂಗ್ ಡಿಸೈನ್ಸ್’ ಎಂಬ ಸಣ್ಣ ಸಂಸ್ಥೆ, ಇಂಥ ಆಟಗಳನ್ನು ಆರಿಸಿ ಇಂಗ್ಲಿಷಿಗೆ ತಂದಿತು. ಅದರ ಮುಂದಾಳು ವಿಕ್ಟರ್ ಐರ್ಲೆಂಡ್. 1992ರಲ್ಲಿ ಜಪಾನಿನಲ್ಲಿ ಹೊರಬಂದ ‘ಲೂನಾರ್’ ಎಂಬ ಆಟ ಮರುವರ್ಷವೇ ಅಮೆರಿಕದವರ ಕೈಸೇರಿತು. ಅದರ 1999ರ ಆವೃತ್ತಿಯೊಡನೆ ಬಟ್ಟೆಯ ಮೇಲೆ ಮುದ್ರಿಸಿದ ನಕಾಶೆ, ಗಟ್ಟಿ ರಟ್ಟಿನ ಕೈಪಿಡಿ, ಸಂಗೀತದ ತಟ್ಟೆ ಇವೆಲ್ಲ ಇದ್ದವು. ಕೊಳ್ಳುವವರು ಕೆಲವರೇ ಆದರೂ ಅವರಿಗೆ ಕುಂದಿಲ್ಲದಂತೆ ಕೊಡಬೇಕೆಂಬ ಹಟ ಅದರಲ್ಲಿ ಕಾಣುತ್ತದೆ.

ಇಲ್ಲಿಯೂ ಪ್ರಕಾಶಕನ ಕೈ ಸುಮ್ಮನಿರಲಿಲ್ಲ. ಜಪಾನಿ ಲಿಪಿ ನಾಲ್ಕಾರು ಅಕ್ಷರಗಳಲ್ಲಿ ಹೇಳುವುದಕ್ಕೆ ಇಂಗ್ಲಿಷಿಗೆ ಹೆಚ್ಚು ಜಾಗ ಬೇಕು. ಪರದೆಯ ಚೌಕಟ್ಟಾದರೋ ಚಿಕ್ಕದು. ಆದ್ದರಿಂದ ಮಾತುಗಳನ್ನು ಹೊಸದಾಗಿ ಹೆಣೆಯುವುದು ಅನಿವಾರ್ಯ. ಆದರೆ ಇವರು ಅಷ್ಟಕ್ಕೇ ನಿಲ್ಲದೆ, ಪಾತ್ರಗಳ ಬಾಯಲ್ಲಿ ಅಮೆರಿಕದ ಜಾಹೀರಾತು, ರಾಜಕಾರಣಗಳ ಚಟಾಕಿಗಳನ್ನು ಹಾಕಿದರು. ಕೆಲವು ಆಟಗಳನ್ನು ಮೂಲಕ್ಕಿಂತ ಕಠಿಣಗೊಳಿಸಿದರು. ಅದರಿಂದಲೇ ಆಟಕ್ಕೆ ಜೀವ ಬಂತೆಂದು ಮೆಚ್ಚಿದವರಿದ್ದಾರೆ, ಮೂಲಕ್ಕೆ ಅಪಚಾರವಾಯಿತೆಂದು ನೊಂದವರೂ ಇದ್ದಾರೆ. ಸಂಸ್ಥೆ 2005ರಲ್ಲಿ ಮುಚ್ಚಿತು. ವಾದ ಮಾತ್ರ ಮುಗಿಯಲಿಲ್ಲ.

ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ನಷ್ಟವನ್ನು ತಾನೇ ಹೊರುವವನಿಗೆ ತನ್ನ ಅಭಿರುಚಿಯಂತೆ ನಡೆಯುವ ಅಧಿಕಾರ ಸ್ವಲ್ಪ ಇದ್ದೇ ಇದೆ. ಆದರೆ ಬದಲಾವಣೆ ಕಥೆಗೆ ಬೇಕಾದುದೋ, ತನ್ನ ಚಮತ್ಕಾರದ ಪ್ರದರ್ಶನಕ್ಕೆ ಬೇಕಾದುದೋ ಎಂಬುದನ್ನು ಅವನು ತೂಗಿ ನೋಡಬೇಕು. ಅಂದಿನ ಚಟಾಕಿ ಅಂದಿಗೇ ಹಳಸುತ್ತದೆ; ಕಥೆಯ ಒಳಗಿನಿಂದ ಬಂದ ಮಾತು ಬಾಳುತ್ತದೆ. ಎರವಲು ತಂದ ಒಡವೆಯನ್ನು ತೊಟ್ಟು ಮೆರೆಯಬಹುದು. ಕರಗಿಸಿ ಬೇರೆ ಮಾಡಿಸುವುದಾದರೆ, ಇದು ಇಂಥವರದು, ಹೀಗೆ ಬದಲಾಯಿಸಿದ್ದೇನೆ ಎಂದು ನಾಲ್ವರೆದುರು ಹೇಳಬೇಕು. ಮುನ್ನುಡಿಯ ಒಂದು ಸಾಲು ಸಾಕು.

ಓದುಗರಾದ ನಮಗೂ ಒಂದು ಹೊಣೆಯಿದೆ. ಪರಭಾಷೆಯ ಪುಸ್ತಕವೊಂದನ್ನು ಕನ್ನಡಕ್ಕೆ ತಂದ ಸಣ್ಣ ಪ್ರಕಾಶಕರು ಇಂದಿಗೂ ನಮ್ಮ ಊರುಗಳ ಸಮ್ಮೇಳನಗಳಲ್ಲಿ ಮೇಜು ಹಾಕಿಕೊಂಡು ಕೂಡುತ್ತಾರೆ. ತಪ್ಪುಗಳನ್ನು ಎಣಿಸುವ ಮೊದಲು ಒಂದು ಪ್ರತಿಯನ್ನು ಕೊಳ್ಳೋಣ. ಕೊಂಡು ಓದಿದವರ ಟೀಕೆಗೆ ತೂಕ ಹೆಚ್ಚು.