ಶಾಸನಪಾಠಗಳ ಹಳೆಯ ಕಡತಗಳು ಮತ್ತು ಗಣಕದ ವಿದ್ಯುತ್ ನಿರ್ವಹಣೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಶಾಸನಗಳು ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ 11ನೆಯ ಸಂಪುಟದಲ್ಲಿವೆ. ಇಂತಹ ಪಾಠಗಳನ್ನು ಯೂನಿಕೋಡ್‌ಪೂರ್ವದ ‘ನುಡಿ’ ಅಕ್ಷರಗಳಲ್ಲಿ ಬೆರಳಚ್ಚಿಸಿದ್ದರೆ, ಆ ಫಾಂಟ್ ಇಲ್ಲದ ಗಣಕದಲ್ಲಿ ಅವು ಅರ್ಥಹೀನ ಚಿಹ್ನೆಗಳಾಗುತ್ತವೆ. ಬೆಂಬಲವು 2014ರಲ್ಲಿ ನಿಂತ ವಿಂಡೋಸ್ ಎಕ್ಸ್‌ಪಿಯನ್ನು, ಅಂತರಜಾಲದ ಸಂಪರ್ಕವಿಲ್ಲದೆ, ಹೊಸ ಗಣಕದೊಳಗೆ ವರ್ಚುಯಲ್ ಮೆಷಿನ್ ಆಗಿ ನಡೆಸಿ ಅವನ್ನು ಓದಬಹುದು.

ಈ ಒಳಗಣಕದ ಡಿಸ್ಕ್ ಸಾಮಾನ್ಯವಾಗಿ ಹೊರಗಣಕದ ಒಂದು ದೊಡ್ಡ ಕಡತವಷ್ಟೆ. ದತ್ತಾಂಶ ಬರೆಯುತ್ತಿರುವಾಗ ವಿದ್ಯುತ್ ಕಡಿತವಾದರೆ ಅದು ಕೆಡುವ ಸಂಭವವಿದೆ. ಹೊರಗಣಕವು ನಿದ್ರಾಸ್ಥಿತಿಗೆ ಹೋದರೆ ಒಳಗಣಕವೂ ಸ್ತಬ್ಧವಾಗುತ್ತದೆ. ಎಚ್ಚೆತ್ತಾಗ ಅದರ ಗಡಿಯಾರ ಹಿಂದುಳಿದು, ತಿದ್ದುಪಡಿಯ ದಿನಾಂಕಗಳು ತಪ್ಪಾಗಬಹುದು.

ಆದ್ದರಿಂದ ಕಾರ್ಯಾವಧಿಯಲ್ಲಿ ಸ್ವಯಂನಿದ್ರೆಯನ್ನು ತಡೆಯುವುದು, ಯುಪಿಎಸ್ ಬಳಸುವುದು, ಒಳಗಣಕವನ್ನು ಮೊದಲು ಮುಚ್ಚಿ ಪ್ರತಿ ತೆಗೆದಿಡುವುದು ಅವಶ್ಯ. ಪಾಠವನ್ನು ಯೂನಿಕೋಡಿಗೆ ಪರಿವರ್ತಿಸಿ ಮುದ್ರಿತ ಸಂಪುಟದೊಡನೆ ಹೋಲಿಸುವುದೇ ಶಾಶ್ವತ ಪರಿಹಾರ.