ನೆರಳು ಕಾಲಡಿಗೆ ಸೇರುವ ಹೊತ್ತು

ಏಪ್ರಿಲ್ ಕೊನೆಯ ವಾರ, ಮಧ್ಯಾಹ್ನ ಹನ್ನೆರಡೂಕಾಲು. ದಾವಣಗೆರೆಯಲ್ಲಿ ಆ ಹೊತ್ತಿಗೆ ಬೇಕೆಂದು ಬಿಸಿಲಿಗೆ ಇಳಿಯುವವರು ಯಾರೂ ಇಲ್ಲ. ಆಟೋದವರು ಬೇವಿನ ಮರದ ಬುಡ ಹುಡುಕಿಕೊಂಡಿರುತ್ತಾರೆ, ಅಂಗಡಿಗಳ ಮುಂದೆ ತಟ್ಟು ಇಳಿಬಿದ್ದಿರುತ್ತದೆ. ಬೇಸಿಗೆ ವಿಜ್ಞಾನ ಶಿಬಿರಕ್ಕೆ ಮಾತ್ರ ವರ್ಷದ ಅತಿ ಮುಖ್ಯವಾದ ಹತ್ತು ನಿಮಿಷ ಅದು.

ಬೇಕಾದದ್ದು ಒಂದು ಮೀಟರ್ ಉದ್ದದ ಕೋಲು, ಸಮತಟ್ಟಾದ ನೆಲ, ಸೀಮೆಸುಣ್ಣ. ಕೋಲು ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟರೆ ಸಾಕು. ಶಾಲೆಗೆ ರಜೆ ಬಿಡುವ ಏಪ್ರಿಲ್ 11ರ ಸುಮಾರಿಗೆ ಕೋಲಿನ ನಡುಹಗಲಿನ ನೆರಳು ಉತ್ತರಕ್ಕೆ 11 ಸೆಂಟಿಮೀಟರ್ ಚಾಚಿರುತ್ತದೆ. ದಿನಕ್ಕೆ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು ಗಿಡ್ಡವಾಗುತ್ತ ಬಂದು, 28–29ನೇ ತಾರೀಖಿನ ಹೊತ್ತಿಗೆ ಸರಿಯಾಗಿ 12 ಗಂಟೆ 24 ನಿಮಿಷಕ್ಕೆ ಅದು ಮಾಯವಾಗುತ್ತದೆ. ಮಕ್ಕಳು ತಮ್ಮ ಕಾಲ ಬುಡವನ್ನೇ ನೋಡಿಕೊಳ್ಳುತ್ತಾರೆ. ಹಗಲೆಲ್ಲ ಬೆನ್ನು ಬಿಡದಿದ್ದ ನೆರಳು ಚಪ್ಪಲಿಯ ಅಡಿಗೆ ಸೇರಿಕೊಂಡಿರುತ್ತದೆ. ಮರುದಿನದಿಂದ ಅದು ದಕ್ಷಿಣಕ್ಕೆ ಬೀಳಲು ಶುರು. ರಜೆ ಮುಗಿಯುವ ಮೇ ಕೊನೆಗೆ ಆ ಕಡೆಗೆ 12 ಸೆಂಟಿಮೀಟರ್ ಬೆಳೆದಿರುತ್ತದೆ.

ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ನೆತ್ತಿಗೆ ಬರುತ್ತಾನೆಂದು ನಾವೆಲ್ಲ ನಂಬಿ ಬೆಳೆದವರು. ಅದು ತಪ್ಪು ಎಂದು ಮಗುವಿಗೆ ಆ ಕೋಲೇ ಹೇಳಿಕೊಡುತ್ತದೆ. ದಾವಣಗೆರೆ ಭೂಮಧ್ಯರೇಖೆಯಿಂದ ಸುಮಾರು 14.5 ಡಿಗ್ರಿ ಉತ್ತರಕ್ಕಿದೆ. ಇಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡೇ ಸಲ. ಎರಡನೆಯದು ಆಗಸ್ಟ್ 13ರ ಆಸುಪಾಸು, ಆಗ ಆಕಾಶದ ತುಂಬ ಮೋಡ. ದೆಹಲಿಯ ಮಕ್ಕಳಿಗೆ ಈ ಭಾಗ್ಯ ವರ್ಷಕ್ಕೊಮ್ಮೆಯೂ ಇಲ್ಲ. ಇನ್ನು ಆ 24 ನಿಮಿಷ ಎಲ್ಲಿಂದ ಬಂತು? ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವಿರುವುದು 76ರ ಹತ್ತಿರ. ಹರಿಹರ ಇಲ್ಲಿಂದ ಹದಿನಾಲ್ಕು ಕಿಲೋಮೀಟರ್ ದೂರ. ಅಲ್ಲಿ ನಡುಹಗಲು ಇನ್ನೂ ಅರ್ಧ ನಿಮಿಷ ತಡ. ಎರಡೂ ಊರಿನ ಮಕ್ಕಳು ಫೋನು ಹಿಡಿದು ಒಂದೇ ದಿನ ಅಳೆದರೆ, ಭೂಮಿ ತಿರುಗುತ್ತಿರುವುದು ಅವರಿಗೆ ಪುಸ್ತಕದ ವಾಕ್ಯವಾಗಿ ಉಳಿಯುವುದಿಲ್ಲ.

ನನಗೆ ಅತ್ಯಂತ ಪ್ರಿಯವಾದ ಪ್ರಯೋಗ ಇದರ ಮುಂದಿನದು. ದಾವಣಗೆರೆಯಲ್ಲಿ ನೆರಳು ಇಲ್ಲವಾದ ದಿನ ಮೈಸೂರಿನ ನಡುಹಗಲಲ್ಲಿ ಅಂಥದ್ದೇ ಕೋಲಿಗೆ ನಾಲ್ಕು ಸೆಂಟಿಮೀಟರಿಗೆ ತುಸು ಕಡಿಮೆ ನೆರಳಿರುತ್ತದೆ. ಕೋನಕ್ಕೆ ತಿರುಗಿಸಿದರೆ 2.16 ಡಿಗ್ರಿ. ಎರಡು ಊರಿನ ಉತ್ತರ–ದಕ್ಷಿಣ ಅಂತರ ಸುಮಾರು 240 ಕಿಲೋಮೀಟರ್. 2.16 ಡಿಗ್ರಿಗೆ 240 ಆದರೆ 360ಕ್ಕೆ ಎಷ್ಟು? ಏಳನೇ ತರಗತಿಯ ತ್ರೈರಾಶಿ ಅಷ್ಟೆ. ಉತ್ತರ 40 ಸಾವಿರ ಕಿಲೋಮೀಟರ್, ಭೂಮಿಯ ಸುತ್ತಳತೆ. ಎರಟೋಸ್ತನೀಸ್ ಎರಡು ಸಾವಿರ ವರ್ಷಗಳಿಗೂ ಹಿಂದೆ ಈಜಿಪ್ಟಿನಲ್ಲಿ ಮಾಡಿದ್ದು ಇದನ್ನೇ. ಮೈಸೂರಿನಲ್ಲಿ ಒಬ್ಬ ಸೋದರಮಾವನೋ ಚಿಕ್ಕಮ್ಮನೋ ಇದ್ದರೆ ನಮ್ಮ ಮಕ್ಕಳೂ ಮಾಡಬಹುದು.

ಮೈಸೂರಿನ ಮಾತು ಬಂದಾಗ ಜೆ.ಆರ್. ಲಕ್ಷ್ಮಣರಾಯರನ್ನು ನೆನೆಯದಿರಲಾಗದು. 1921ರಲ್ಲಿ ಜಗಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ರಸಾಯನಶಾಸ್ತ್ರದ ಮೇಷ್ಟರಾಗಿ, ಕನ್ನಡದಲ್ಲಿ ವಿಜ್ಞಾನ ಬರೆಯುವುದನ್ನೇ ಬದುಕು ಮಾಡಿಕೊಂಡವರು. ಜಗಳೂರು ಈಗ ನಮ್ಮ ಜಿಲ್ಲೆಯ ತಾಲ್ಲೂಕು. 1978ರಲ್ಲಿ ಶುರುವಾದ ‘ಬಾಲವಿಜ್ಞಾನ’ ಮಾಸಪತ್ರಿಕೆ, 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಎರಡರ ಹಿಂದೆಯೂ ಅವರ ದುಡಿಮೆಯಿದೆ. ಇಂದು ನಮ್ಮ ಊರುಗಳಲ್ಲಿ ವಿಜ್ಞಾನ ಶಿಬಿರವೆಂದು ನಡೆಯುವುದರ ಬೇರು ಅಲ್ಲಿದೆ. ಮಕ್ಕಳೇ ಊರಿನ ಒಂದು ಸಮಸ್ಯೆ ಹಿಡಿದು ಅಧ್ಯಯನ ಮಾಡುವ ಮಕ್ಕಳ ವಿಜ್ಞಾನ ಸಮಾವೇಶ 1993ರಿಂದ ದೇಶದಾದ್ಯಂತ ನಡೆಯುತ್ತಿದೆ. ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನಿಂದ ರೇಖಾಗಣಿತ ಕಲಿಸಿದ ಅರವಿಂದ ಗುಪ್ತಾ ಅವರ ಆಟಿಕೆಗಳು ಇಂಥ ಶಿಬಿರಗಳಿಗೆ ಇನ್ನೊಂದು ಬಲ. ಬಳಸಿ ಬಿಸಾಡಿದ ವಸ್ತುವಿನಿಂದ ವಿಜ್ಞಾನ ತೆಗೆದ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ಹರಿಹರದ ಸಂಪತ್ತು ಬೇರೆ. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಗಿ ದೇಶಕ್ಕೆಲ್ಲ ಲೇತ್ ಯಂತ್ರ ಕಳಿಸಿತು. ಕಾರ್ಖಾನೆ ಮುಚ್ಚಿ ವರ್ಷಗಳಾದವು. ವರ್ನಿಯರ್, ಮೈಕ್ರೋಮೀಟರ್ ಹಿಡಿದು ಮೂವತ್ತು ವರ್ಷ ದುಡಿದ ಕೈಗಳು ಊರಿನ ಎಷ್ಟೋ ಮನೆಗಳಲ್ಲಿ ಇನ್ನೂ ಇವೆ. ಅಂಥ ಒಬ್ಬ ಅಜ್ಜನನ್ನು ಶಿಬಿರಕ್ಕೆ ಕರೆದು ಕೂರಿಸಿ. ಮಗುವಿನ ತಲೆಯಿಂದ ಒಂದು ಕೂದಲು ಕಿತ್ತು, ಮೈಕ್ರೋಮೀಟರಿನ ದವಡೆಗಳ ನಡುವೆ ಇಟ್ಟು, ಹಿಡಿಯನ್ನು ಮೆಲ್ಲಗೆ ತಿರುಗಿಸಿ, ‘ಓದು ನೋಡೋಣ’ ಎಂದು ಅವರು ಹೇಳಲಿ. ಒಂದು ಮಿಲಿಮೀಟರಿನ ಹತ್ತರಲ್ಲೊಂದು ಭಾಗಕ್ಕಿಂತಲೂ ಸಪುರ. ಪಕ್ಕದಲ್ಲಿ ಕೂತವಳ ಕೂದಲು ಇನ್ನೂ ಸಪುರ. ಅಳತೆ ಎಂದರೇನು, ಅದರಲ್ಲಿ ನಿಷ್ಠೆ ಎಂದರೇನು ಎಂಬುದನ್ನು ಆ ಅಜ್ಜನಿಗಿಂತ ಚೆನ್ನಾಗಿ ಯಾವ ಪಠ್ಯವೂ ಕಲಿಸಲಾರದು.

ಹರಿಹರಕ್ಕೆ ನದಿಯೂ ಇದೆ. ಬೇಸಿಗೆಯಲ್ಲಿ ತುಂಗಭದ್ರೆ ಸೊರಗಿ ಬಂಡೆಗಳು ಎದ್ದಿರುತ್ತವೆ. ನೀರಿನ ಬಣ್ಣ, ವಾಸನೆ, ಕಲ್ಲಿನಡಿಯ ಹುಳುಗಳನ್ನು ನೋಡಲು ಅದೇ ಸರಿಯಾದ ಕಾಲ. ಈ ದಂಡೆಗಳಿಗೆ ನದಿಯ ಮಾಲಿನ್ಯದ ವಿರುದ್ಧ ಜನ ದನಿ ಎತ್ತಿದ ಇತಿಹಾಸವೂ ಇದೆ. 1984ರಲ್ಲಿ ಹುಟ್ಟಿದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಅದಕ್ಕಾಗಿ ದುಡಿಯಿತು. ದೊಡ್ಡವರು ಜತೆಗಿಲ್ಲದೆ ಮಾತ್ರ ಮಕ್ಕಳನ್ನು ನೀರಿಗೆ ಇಳಿಸಕೂಡದು.

ದಾವಣಗೆರೆಯ ಮಂಡಕ್ಕಿ ಭಟ್ಟಿ ಎಂದರೆ ಕಣ್ಣೆದುರಿನ ಪ್ರಯೋಗಾಲಯ. ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದ ಅಕ್ಕಿಗೆ ಉಪ್ಪುನೀರು ಹಿಡಿಸಿ ಕಾದ ಮರಳಿಗೆ ಸುರಿದಾಗ, ಒಳಗಿನ ಅಷ್ಟಿಷ್ಟು ತೇವ ಉಗಿಯಾಗಿ ಕಾಳನ್ನು ಉಬ್ಬಿಸುತ್ತದೆ. ಮರಳೇ ಏಕೆ? ಬರಿ ಬಾಣಲೆಯಾದರೆ ಕಾಳು ಒಂದೇ ಮಗ್ಗುಲು ಕಾಯುತ್ತದೆ, ಮರಳು ಸುತ್ತಲಿಂದಲೂ ಕಾಯಿಸುತ್ತದೆ. ಆ ಭಟ್ಟಿಗಳ ಹೊಗೆ ಊರಿನ ಹಳೆಯ ಸಂಕಟ. ಬಿಳಿ ರಟ್ಟಿಗೆ ವ್ಯಾಸಲೀನ್ ಸವರಿ ಬೇರೆ ಬೇರೆ ಬೀದಿಗಳಲ್ಲಿ ಒಂದು ದಿನ ತೂಗುಹಾಕಿ, ಅಂಟಿದ ಮಸಿಯನ್ನು ಹೋಲಿಸಿದರೆ ಅದೂ ಮಕ್ಕಳ ಅಧ್ಯಯನವೇ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಶುಲ್ಕ ಕಟ್ಟಿಸಿಕೊಂಡು, ಪೆಟ್ಟಿಗೆಯಲ್ಲಿ ಬಂದ ಬಿಡಿಭಾಗಗಳನ್ನು ಜೋಡಿಸಿ ಸಂಜೆ ಪ್ರಮಾಣಪತ್ರ ಕೊಡುವ ಶಿಬಿರಗಳು ಹೆಚ್ಚುತ್ತಿವೆ. ಜೋಡಿಸುವುದು ತಪ್ಪಲ್ಲ. ಆದರೆ ಅಲ್ಲಿ ಉತ್ತರ ಪೆಟ್ಟಿಗೆಯಲ್ಲೇ ಇರುತ್ತದೆ. ನೆರಳಿನ ಪ್ರಯೋಗದಲ್ಲಿ ಮೋಡ ಅಡ್ಡ ಬರಬಹುದು, ಕೋಲು ವಾಲಬಹುದು, ಲೆಕ್ಕ 37 ಸಾವಿರಕ್ಕೆ ನಿಲ್ಲಬಹುದು. ಆಗ ‘ಎಲ್ಲಿ ತಪ್ಪಿತು’ ಎಂದು ಮಗು ಹುಡುಕಲು ಕೂರುತ್ತದೆ. ವಿಜ್ಞಾನ ಶುರುವಾಗುವುದು ಅಲ್ಲಿ. ಭಟ್ಟಿಯ ಓಣಿಯ ಹುಡುಗಿಗೆ ಶುಲ್ಕ ಕಟ್ಟಲಾಗದು, ಕೋಲು ನೆಡಲು ಬಂದೇ ಬರುತ್ತದೆ. ಅವಳಿರುವ ಓಣಿಯ ಸರ್ಕಾರಿ ಶಾಲೆಯ ಅಂಗಳಕ್ಕೆ, ಹಳ್ಳಿಗಳ ಗ್ರಂಥಾಲಯಗಳಿಗೆ ಈ ಶಿಬಿರ ಹೋಗಬೇಕು.

ಮುಂದಿನ ಏಪ್ರಿಲ್ 28 ಮತ್ತು 29ನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಶಿಬಿರ ಇರಲಿ, ಬಿಡಲಿ, 12 ಗಂಟೆ 15ಕ್ಕೆ ಮಕ್ಕಳಿಗೆ ನೀರು ಕುಡಿಸಿ, ತಲೆಗೆ ಟೋಪಿ ಹಾಕಿ, ಒಂದು ಕೋಲಿನೊಂದಿಗೆ ತಾರಸಿಗೆ ಕರೆದುಕೊಂಡು ಹೋಗಿ. ಸೂರ್ಯನನ್ನು ನೇರ ನೋಡಲು ಬಿಡಬೇಡಿ, ನೆಲ ನೋಡಲು ಹೇಳಿ.